ಎತ್ತಿಗೆ ಜ್ವರ, ಸರ್ವರ್‌ಗೆ ಬರೆ

ಹಿಂದೆ ಸರ್ಕಾರಿ ಕಚೇರಿಗಳಲ್ಲಿ ‘ಸಾಹೇಬ್ರಿಲ್ಲ’ ಎಂಬ ಮಾತಿತ್ತು. ಅದರಲ್ಲೂ ಒಂದು ನೆಮ್ಮದಿಯಿತ್ತು. ಸಾಹೇಬರು ಮೀಟಿಂಗ್‌ಗೆ ಹೋಗಿರಲಿ, ಮದುವೆ ಊಟಕ್ಕೆ ಹೋಗಿರಲಿ, ಅವರ ಜೀಪು ಹೊರಟದ್ದನ್ನು ಎದುರಿನ ಹೋಟೆಲಿನವನು ನೋಡಿರುತ್ತಿದ್ದ. ಎಷ್ಟು ಹೊತ್ತಿಗೆ ಬರುತ್ತಾರೆಂದು ಅವನನ್ನೇ ಕೇಳಿ, ಅಲ್ಲೇ ಒಂದು ಬೈಟೂ ಕಾಫಿ ಕುಡಿದು ಕಾಯಬಹುದಿತ್ತು. ಈಗ ಆ ಕುರ್ಚಿಗೆ ‘ಸರ್ವರ್ ಇಲ್ಲ’ ಬಂದು ಕೂತಿದೆ. ಸರ್ವರ್ ಯಾವಾಗ ಹೋಯಿತು, ಯಾರಿಗೆ ಹೇಳಿ ಹೋಯಿತು, ಸಿಎಲ್ ಬರೆದುಕೊಟ್ಟಿದೆಯೋ ಬೇರೆ ಕೆಲಸದ ನೆಪದ ಓಒಡಿ ಮೇಲೆ ಹೋಗಿದೆಯೋ, ಹೋಟೆಲಿನವನಿಗೂ ಗೊತ್ತಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಈ ಸಿಬ್ಬಂದಿ ಪಂಚಾಯಿತಿ, ನಾಡಕಚೇರಿ, ಉಪನೋಂದಣಿ ಕಚೇರಿ, ನ್ಯಾಯಬೆಲೆ ಅಂಗಡಿ ಎಲ್ಲ ಕಡೆಯೂ ಏಕಕಾಲಕ್ಕೆ ಗೈರು. ಪಹಣಿಗೆ ಬಂದವರಿಗೂ, ಇ-ಸ್ವತ್ತಿಗೆ ಅಲೆಯುವವರಿಗೂ, ಥಂಬ್ ಕೊಡಲು ಚೀಲ ಹಿಡಿದು ನಿಂತವರಿಗೂ ಒಂದೇ ಉತ್ತರ: ನಾಳೆ ಬನ್ನಿ. ಕೆಲವು ಕಡೆ ‘ಸರ್ವರ್ ಇಲ್ಲ’ ಎಂಬ ಫಲಕವನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿರುತ್ತಾರೆ. ತಾತ್ಕಾಲಿಕ ತೊಂದರೆಗೆ ಶಾಶ್ವತ ಫಲಕ.

ಪಾಪ, ಸರ್ವರ್ ಎಲ್ಲೂ ಹೋಗಿರುವುದಿಲ್ಲ. ದಾಖಲೆಗಳನ್ನೆಲ್ಲ ಇಟ್ಟುಕೊಂಡ ಆ ಕಂಪ್ಯೂಟರು ದೂರದ ಡೇಟಾ ಸೆಂಟರಿನಲ್ಲಿ, ಎಸಿ ಗಾಳಿಯಲ್ಲಿ, ಜನರೇಟರಿನ ಆಸರೆಯಲ್ಲಿ ಆರಾಮಾಗಿ ಓಡುತ್ತಿರುತ್ತದೆ. ಅಲ್ಲಿಂದ ನಿಮ್ಮ ಕೌಂಟರಿನವರೆಗಿನ ದಾರಿ ಮಾತ್ರ ಉದ್ದ. ಡೇಟಾ ಸೆಂಟರಿಂದ ಜಿಲ್ಲೆ, ಜಿಲ್ಲೆಯಿಂದ ತಾಲೂಕಿನ ಎಕ್ಸ್‌ಚೇಂಜು, ಅಲ್ಲಿಂದ ಬೆಳಕಿನಲ್ಲಿ ಮಾಹಿತಿ ಹೊತ್ತು ಕಂಬದಿಂದ ಕಂಬಕ್ಕೆ ಹಾರುವ ಫೈಬರು, ಅದು ಕಿಟಕಿಯ ಸಂದಿಯಲ್ಲಿ ಒಳಗೆ ಬಂದು ಸೇರುವ, ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಓಎನ್‌ಟಿ ಎಂಬ ಬಿಳಿ ಡಬ್ಬಿ, ಬೀರುವಿನ ಮೇಲಿನ ರೌಟರು, ಅದಕ್ಕೊಂದು ಅಡಾಪ್ಟರು, ಹಲವು ಕಂಪ್ಯೂಟರುಗಳ ವೈರು ಬಂದು ಸೇರುವ ಮೇಜಿನಡಿಯ ಸ್ವಿಚ್ಚೆಂಬ ಡಬ್ಬಿ, ಇಲಿ ರುಚಿ ನೋಡಿದ ವೈರು, ಕೊನೆಗೆ ಕಂಪ್ಯೂಟರು. ಇಷ್ಟರಲ್ಲಿ ಯಾವುದು ಕೈಕೊಟ್ಟರೂ ಕೆಟ್ಟ ಹೆಸರು ಬರುವುದು ಕಟ್ಟಕಡೆಯ ಸರ್ವರಿಗೆ. ಹಳ್ಳ ತುಂಬಿ ಬಸ್ಸು ಬಾರದ ದಿನ ‘ಕೆಎಸ್‌ಆರ್‌ಟಿಸಿ ಇಲ್ಲ’ ಎಂದು ಯಾರೂ ಬೋರ್ಡು ಹಾಕುವುದಿಲ್ಲವಲ್ಲ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಗಾದೆ ನಮ್ಮಲ್ಲಿ ಮೊದಲೇ ಇತ್ತು. ಈ ಎಮ್ಮೆಯಾದರೋ ಇನ್ನೂರು ಕಿಲೋಮೀಟರು ದೂರದ ಕೊಟ್ಟಿಗೆಯಲ್ಲಿದೆ, ಬರೆ ಹಾಕಿದ್ದು ಅದಕ್ಕೆ ತಿಳಿಯುವುದೂ ಇಲ್ಲ.

ಜ್ವರ ಯಾರಿಗೆ ಎಂದು ನೋಡಲು ಎರಡು ನಿಮಿಷ ಸಾಕು. ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಎಂದು ಹೊಡೆಯಿರಿ. ಜಾಲದಲ್ಲಿ ಕಂಪ್ಯೂಟರಿನ ಗುರುತಾದ ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ ಕಂಪ್ಯೂಟರಿಗೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ. ತೊಂದರೆ ಇದೇ ಕೋಣೆಯಲ್ಲಿದೆ, ವೈರು ಹಿಡಿದು ಹೊರಡಿ. ಸರಿಯಾದ ವಿಳಾಸವಿದ್ದರೆ ‘ಡಿಫಾಲ್ಟ್ ಗೇಟ್‌ವೇ’ ಮುಂದಿರುವ ಸಂಖ್ಯೆಗೆ, ಸಾಮಾನ್ಯವಾಗಿ 192.168.1.1 ಇಲ್ಲವೇ 192.168.0.1, ಪಿಂಗ್ ಕೊಡಿ, ಅಂದರೆ ping ಎಂದು ಬರೆದು ಮುಂದೆ ಆ ಸಂಖ್ಯೆ ಹೊಡೆದು ಉತ್ತರ ಬರುತ್ತದೆಯೇ ನೋಡಿ. ಉತ್ತರವಿಲ್ಲದಿದ್ದರೆ ರೌಟರಿನವರೆಗೂ ಮಾತು ತಲುಪುತ್ತಿಲ್ಲ. ಉತ್ತರ ಬಂದರೆ ಹೊರಗಿರುವ ಗೂಗಲಿನ ವಿಳಾಸ 8.8.8.8ಕ್ಕೆ ಪಿಂಗ್. ಅಲ್ಲಿ ನಿಂತರೆ ರೌಟರಿನಿಂದ ಆಚೆಗೆ, ಅಂದರೆ ಫೈಬರಿನಲ್ಲೋ ಸೇವೆ ಕೊಡುವವರಲ್ಲೋ ಏಟು ಬಿದ್ದಿದೆ. ಅದೂ ದಾಟಿ, ವೆಬ್‌ಸೈಟಿನ ಹೆಸರು ಹೊಡೆದರೆ ಮಾತ್ರ ತೆರೆಯದಿದ್ದರೆ ಹೆಸರಿಗೆ ತಕ್ಕ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೆಟ್ಟಿದೆ. ಊರಿಗೆ ದಾರಿಯಿದೆ, ವಿಳಾಸ ಹೇಳುವವನು ಮಲಗಿದ್ದಾನೆ ಎಂದರ್ಥ. ಸರ್ಕಾರಿ ಜಾಲಗಳಲ್ಲಿ ಹೊರಗಿನ ಪಿಂಗ್‌ಗೆ ಬೀಗ ಜಡಿದಿರುವುದುಂಟು. ಆಗ ‘ಟ್ರೇಸ್ ಆರ್‌ಟಿ’ (tracert) ಕೊಟ್ಟು ದಾರಿಯಲ್ಲಿ ಎಷ್ಟನೇ ಹೆಜ್ಜೆಯವರೆಗೆ ಉತ್ತರ ಬರುತ್ತಿದೆ ನೋಡಬೇಕು, ಅಥವಾ ಬೇರೆ ಇಲಾಖೆಯ ಜಾಲತಾಣ ತೆರೆಯುತ್ತದೆಯೇ ಎಂದು ನೋಡಬೇಕು. ಇಷ್ಟಕ್ಕೆ ಯಾರ ಅನುಮೋದನೆಯೂ ಬೇಡ, ಕಡತ ಮಂಡಿಸುವುದೂ ಬೇಡ. ಬಹುಶಃ ಅದಕ್ಕೇ ಯಾರೂ ಮಾಡುವುದಿಲ್ಲ.

ಪಿಂಗ್ ಗಿಂಗ್ ನಮಗೆ ಬೇಡ ಎನ್ನುವವರಿಗೆ ಇನ್ನೂ ಸುಲಭದ್ದಿದೆ. ಅದೇ ಜಾಲತಾಣವನ್ನು ಮೊಬೈಲ್ ಡೇಟಾದಲ್ಲಿ ತೆರೆದು ನೋಡುವುದು. ತೆರೆದರೆ ಸರ್ವರ್ ನಿರಪರಾಧಿ. ಈ ಪರೀಕ್ಷೆಯನ್ನು ಕೌಂಟರಿನ ಒಳಗಿನವರು ಮಾಡದಿದ್ದರೂ ಹೊರಗಿನ ಸಾಲಿನಲ್ಲಿ ಯಾರಾದರೊಬ್ಬರು ಮಾಡಿಯೇ ಇರುತ್ತಾರೆ. ಫೋನನ್ನು ಸರಳಿನ ಸಂದಿಯಲ್ಲಿ ತೂರಿಸಿ ‘ನೋಡಿ ಮೇಡಂ, ಇಲ್ಲಿ ಬರ್ತಿದೆ’ ಎಂದರೆ, ‘ಅದು ನಿಮ್ಮ ಸರ್ವರ್ ಇರಬೇಕು, ನಮ್ಮದು ಬೇರೆ’ ಎಂಬ ಉತ್ತರ ಸಿಗುತ್ತದೆ. ಪ್ರಜೆಗಳಿಗೂ ಪ್ರಭುತ್ವಕ್ಕೂ ಬೇರೆಬೇರೆ ಸರ್ವರ್ ಇರುವ ಈ ತತ್ವದಲ್ಲಿ ಒಂದು ಪಾಲು ನಿಜವೂ ಇದೆ ಅನ್ನಿ: ಸಿಬ್ಬಂದಿಯ ಲಾಗಿನ್ ಪುಟಗಳು ಕೆಲವು ಕಚೇರಿ ಜಾಲದಲ್ಲಿ ಮಾತ್ರ ತೆರೆಯುತ್ತವೆ. ಆದರೆ ಪಕ್ಕದ ಹೋಬಳಿಗೆ ಒಂದು ಫೋನು ಮಾಡಿ ‘ನಿಮ್ಮಲ್ಲಿ ಓಡ್ತಾ ಇದೆಯಾ’ ಎಂದು ಕೇಳಲು ಲಾಗಿನ್ ಬೇಕಿಲ್ಲ.

ಈಗ ಬೀರುವಿನ ಮೇಲಕ್ಕೆ ಹತ್ತೋಣ. ಅಲ್ಲೇ ನಿಜವಾದ ಅಪರಾಧಿ ಇರುವುದು, ಅದೂ ಎಷ್ಟೋ ಸಲ ರೌಟರಲ್ಲ, ಅದರ ಅಡಾಪ್ಟರು. ಅಂಗೈಯಗಲದ ಈ ಕಪ್ಪು ಡಬ್ಬಿ 230 ವೋಲ್ಟನ್ನು 12 ವೋಲ್ಟಿಗೆ ಇಳಿಸಿ ಒಂದೋ ಒಂದೂವರೆಯೋ ಆಂಪಿಯರ್ ಕೊಡಬೇಕು. ಒಳಗಿನ ಎಲೆಕ್ಟ್ರೊಲೈಟಿಕ್ ಕೆಪಾಸಿಟರು ಬಿಸಿಲಿಗೆ, ಶೀಟಿನ ಮಾಡಿನ ಕಾವಿಗೆ ಎರಡು ಮೂರು ವರ್ಷದಲ್ಲಿ ಒಣಗುತ್ತದೆ, ತಲೆ ಉಬ್ಬುತ್ತದೆ. ಆಮೇಲೂ ಅದು ಸಾಯುವುದಿಲ್ಲ. ಸತ್ತಿದ್ದರೆ ಒಳ್ಳೆಯದಿತ್ತು, ಎಲ್ಲರಿಗೂ ಗೊತ್ತಾಗುತ್ತಿತ್ತು. ಕೆಲಸ ಕಡಿಮೆಯಿದ್ದಾಗ 12 ವೋಲ್ಟ್ ಕೊಡುತ್ತದೆ, ಕೆಲಸ ಹೆಚ್ಚಾದ ಕೂಡಲೇ ಕುಸಿಯುತ್ತದೆ. ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ರೌಟರು ಚೆನ್ನಾಗಿರುತ್ತದೆ. ಹನ್ನೊಂದಕ್ಕೆ ನಾಲ್ಕು ಕಂಪ್ಯೂಟರು, ಇಪ್ಪತ್ತು ಮೊಬೈಲು ಹತ್ತಿಕೊಂಡ ಮೇಲೆ ತಾನೇ ಆರಿ ತಾನೇ ಹತ್ತುತ್ತದೆ. ಸಂಜೆ ಐದೂವರೆಗೆ ಬಂದ ರಿಪೇರಿಯವನು ಮಲ್ಟಿಮೀಟರ್ ಇಟ್ಟು ‘12 ತೋರಿಸ್ತಿದೆ ಸಾರ್, ಅಡಾಪ್ಟರ್ ಓಕೆ’ ಎನ್ನುತ್ತಾನೆ. ಖಾಲಿ ಗಾಡಿ ಎಳೆಸಿ ಎತ್ತಿನ ಬಲ ಅಳೆದ ಹಾಗೆ. ಹೀಗೆ ಅಳೆಯುವ ಬದಲು ಚೆನ್ನಾಗಿರುವ ಇನ್ನೊಂದು ಅಡಾಪ್ಟರ್ ಹಾಕಿ ಒಂದು ದಿನ ನೋಡಬೇಕು. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ನಡುಭಾಗ ಪ್ಲಸ್ ಎಂದು ಗುರುತಿರಬೇಕು. 5.5 ಮಿಲಿಮೀಟರ್ ದಪ್ಪದ ಪಿನ್ನಿನಲ್ಲಿ 2.1 ಮತ್ತು 2.5 ಮಿಲಿಮೀಟರ್ ತೂತಿನ ಎರಡು ಬಗೆಯಿವೆ. 2.5ರದ್ದನ್ನು 2.1ರ ರೌಟರಿಗೆ ಸಿಕ್ಕಿಸಿದರೆ ಸಡಿಲವಾಗಿ ಕೂರುತ್ತದೆ. ಫ್ಯಾನಿನ ಗಾಳಿಗೆ ವೈರು ಅಲ್ಲಾಡಿದಾಗಲೆಲ್ಲ ‘ಸರ್ವರ್ ಹೋಯ್ತು’.

ಇನ್ನು ಯುಪಿಎಸ್ ಮಹಾತ್ಮೆ. ಕರೆಂಟು ಹೋದರೂ ಕಂಪ್ಯೂಟರು ಆರಬಾರದೆಂದು ಪ್ರತಿ ಮೇಜಿಗೆ ಯುಪಿಎಸ್ ಕೊಟ್ಟಿರುತ್ತಾರೆ. ರೌಟರು ಮತ್ತು ಓಎನ್‌ಟಿ ಮಾತ್ರ ಗೋಡೆಯ ಪ್ಲಗ್ಗಿನಲ್ಲಿ, ಅದೂ ಮೊಬೈಲ್ ಚಾರ್ಜರು, ನೀರು ಕಾಯಿಸುವ ಕೆಟಲು, ದೇವರ ಫೋಟೋದ ಮಿಣಿಮಿಣಿ ಬಲ್ಬುಗಳ ಜೊತೆ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ. ಕರೆಂಟು ಹೋಗುತ್ತದೆ. ಕಂಪ್ಯೂಟರು ಉರಿಯುತ್ತಲೇ ಇರುತ್ತದೆ, ಪರದೆಯ ಮೇಲೆ ಅರ್ಜಿ ಅರ್ಧ ತುಂಬಿರುತ್ತದೆ, ಬೀರುವಿನ ಮೇಲೆ ಕತ್ತಲೆ. ಎಲ್ಲವೂ ಇದ್ದು ಸರ್ವರ್ ಒಂದೇ ಇಲ್ಲವೆಂಬ ತೀರ್ಮಾನ ಹುಟ್ಟುವುದು ಇಲ್ಲೇ. ಲೆಕ್ಕ ಹಾಕಿ ನೋಡಿ: ಸಣ್ಣ ಯುಪಿಎಸ್ ಒಳಗೆ ಇರುವುದು ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ. ನೂರು ವಾಟ್ ದಾಟುವ ಕಂಪ್ಯೂಟರನ್ನು ಅದು ಕಾಲು ಗಂಟೆ ಹೊರುತ್ತದೆ. ರೌಟರಿಗೆ ಬೇಕಾದದ್ದು ಸುಮಾರು 10 ವಾಟ್; ಅದೇ ಬ್ಯಾಟರಿ ರೌಟರೊಂದನ್ನೇ ಮೂರು ನಾಲ್ಕು ಗಂಟೆ ಹೊತ್ತೀತು. ಅಂದರೆ ಸುಲಭವಾಗಿ ಹೊರಬಹುದಾದ ಹೊರೆಯನ್ನು ಬಿಟ್ಟು, ಬೇಗ ಕುಸಿಯುವಂಥ ಹೊರೆಯನ್ನೇ ಬ್ಯಾಟರಿಯ ಮೇಲೆ ಹೇರಿದ್ದೇವೆ. ಇದು ಯಾವ ಇಲಾಖೆಗೂ ಹೊಸ ಪದ್ಧತಿಯೇನಲ್ಲ.

‘ಒಂದ್ಸಲ ಆಫ್ ಮಾಡಿ ಆನ್ ಮಾಡಿ’ ಎಂಬ ಮಂತ್ರವನ್ನು ಹಗುರವಾಗಿ ನೋಡಬಾರದು, ಅದು ಕೆಲಸ ಮಾಡುತ್ತದೆ. ರೌಟರಿನ ನೆನಪು ತುಂಬಿ ಬಿಗಿದುಕೊಂಡಿದ್ದರೆ ಖಾಲಿಯಾಗುತ್ತದೆ, ಆಚೆಗಿನ ಎಕ್ಸ್‌ಚೇಂಜಿನ ಜೊತೆ ಹೊಸದಾಗಿ ಸಂಬಂಧ ಕುದುರುತ್ತದೆ. ಆದರೆ ಆರಿಸಿ ಮೂವತ್ತು ಸೆಕೆಂಡು ಬಿಡಬೇಕು, ಒಳಗೆ ಉಳಿದ ಚಾರ್ಜು ಇಳಿಯಬೇಕು. ನಮ್ಮವರು ಬಸ್ಸಿಗೆ ಓಡುವವರಂತೆ ಟಕ್‌ಟಕ್ ಎಂದು ಎರಡು ಸಲ ಒತ್ತುತ್ತಾರೆ. ಮೊದಲು ಓಎನ್‌ಟಿ ಹಾಕಿ, ಫೈಬರಿನ ಸಂಪರ್ಕ ತೋರಿಸುವ ಅದರ ಪಿಒಎನ್ ದೀಪ ಮಿಣುಕುವುದು ನಿಂತು ಸ್ಥಿರವಾದ ಮೇಲೆ ರೌಟರ್ ಹಾಕಬೇಕು. ಎಲ್ಲಕ್ಕಿಂತ ಮುಂಚೆ ದೀಪಗಳ ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕು, ಏಕೆಂದರೆ ಆರಿಸಿದೊಡನೆ ಸಾಕ್ಷಿಯೂ ಅಳಿಯುತ್ತದೆ. ದಿನಕ್ಕೆ ಆರು ಸಲ ಆಫ್-ಆನ್ ಬೇಕಾಗುತ್ತಿದ್ದರೆ ಅದು ಚಿಕಿತ್ಸೆಯಲ್ಲ, ರೋಗದ ಲಕ್ಷಣ. ಇನ್ನು ಕೆಲವು ಉತ್ಸಾಹಿಗಳಿಗೆ ರೀಸ್ಟಾರ್ಟ್ ಮತ್ತು ರೀಸೆಟ್ ಒಂದೇ. ರೌಟರಿನ ಬೆನ್ನಿಗೊಂದು ಸಣ್ಣ ತೂತಿದೆ, ಸರ್ಕಾರಿ ಕಚೇರಿಯಲ್ಲಿ ಗುಂಡುಸೂಜಿಗೆ ಬರವಿಲ್ಲ. ಹತ್ತು ಸೆಕೆಂಡು ಚುಚ್ಚಿ ಹಿಡಿದರೆ ಯೂಸರ್‌ನೇಮ್, ಪಾಸ್‌ವರ್ಡ್, ಸೆಟ್ಟಿಂಗ್ ಸಕಲವೂ ಅಳಿದು ಡಬ್ಬಿ ಹುಟ್ಟಿದ ದಿನದ ಮುಗ್ಧತೆಗೆ ಮರಳುತ್ತದೆ. ಆ ಪಾಸ್‌ವರ್ಡ್ ಬರೆದಿಟ್ಟ ಚೀಟಿ ಎಲ್ಲಿ ಎಂದು ಕೇಳಬೇಡಿ.

ಜಾಗದ ಮಾತು ಬಂದರೆ, ರೌಟರನ್ನು ಉಕ್ಕಿನ ಬೀರುವಿನ ಮೇಲೆ ಗೋಡೆಗೆ ಆನಿಸಿ ಇಡುವುದಕ್ಕೆ ಒಂದೇ ಕಾರಣ, ಅದು ಕೈಗೆಟುಕಬಾರದು. ವೈ-ಫೈ ಅಲೆಗೆ ಉಕ್ಕು ಅಂದರೆ ಗೋಡೆಯಲ್ಲ, ಕನ್ನಡಿ. ಬಡಿದು ವಾಪಸ್ ಬರುತ್ತದೆ. ಆ ಬೀರುವಿನಿಂದ ಹತ್ತಡಿ ದೂರದ ಮೇಜಿಗೆ, ಎಂದೂ ಜಾಗ ಬಿಟ್ಟು ಅಲ್ಲಾಡದ ಕಂಪ್ಯೂಟರಿಗೆ, ವೈ-ಫೈ ಡಾಂಗಲ್ ಸಿಕ್ಕಿಸಿರುತ್ತಾರೆ. ಐದು ಮೀಟರ್ ವೈರು ಎಳೆದಿದ್ದರೆ ಮುಗಿಯುತ್ತಿತ್ತು. ಎಳೆಯುವುದಾದರೆ ತಾಮ್ರದ್ದೇ ಎಳೆಯಿರಿ, ಅಲ್ಯೂಮಿನಿಯಮ್‌ಗೆ ತಾಮ್ರದ ಲೇಪ ಕೊಟ್ಟ ಅಗ್ಗದ ವೈರು ಬಾಗಿದಲ್ಲಿ ಮುರಿಯುತ್ತದೆ. ವೈ-ಫೈಯೇ ಬೇಕೆಂದರೆ 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಅಕ್ಕಪಕ್ಕದವರು ಕಡಿಮೆ ಬಳಸುವುದನ್ನು ಹಿಡಿಯಿರಿ. ನಡುವಿನ 3, 4 ಇಟ್ಟರೆ ಎರಡೂ ಕಡೆಯವರ ಗದ್ದಲ ಕೇಳಬೇಕು. ರೌಟರಿನ ಧೂಳು ಒರೆಸುವುದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ. ಒರೆಸಿದ ಹತ್ತು ನಿಮಿಷಕ್ಕೆ ಗಾಳಿಕಿಂಡಿಯ ಮೇಲೇ ಕುಂಕುಮ ಉದುರಿಸಿ, ಒದ್ದೆ ಸೇವಂತಿಗೆ ಹಾರ ಹೊದಿಸಿ ಲೆಕ್ಕ ಚುಕ್ತಾ ಮಾಡಲಾಗುತ್ತದೆ.

ಮೇಜಿನಡಿಯ ಪ್ರಪಂಚ ಇನ್ನೂ ಸ್ವಾರಸ್ಯದ್ದು. ಕಸ ಗುಡಿಸುವಾಗ ಒಂದು ವೈರಿನ ತುದಿ ಜೋತಾಡುತ್ತಿರುವುದು ಕಾಣುತ್ತದೆ. ಅಚ್ಚುಕಟ್ಟಿನವರು ಯಾರೋ ಅದನ್ನು ಸ್ವಿಚ್ಚಿನ ಖಾಲಿ ಕಿಂಡಿಗೆ ತುರುಕುತ್ತಾರೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿದೆ. ಅಗ್ಗದ ಸ್ವಿಚ್ಚಿಗೆ ಇದು ಅರ್ಥವಾಗುವುದಿಲ್ಲ. ಒಂದೇ ಸಂದೇಶ ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಲಕ್ಷವಾಗಿ ಇಡೀ ಕಚೇರಿ ಸ್ತಬ್ಧ. ಗುರುತು ಸುಲಭ: ಎಲ್ಲ ದೀಪಗಳೂ ಒಂದೇ ತಾಳಕ್ಕೆ ಹುಚ್ಚೆದ್ದು ಮಿಣುಕುತ್ತಿರುತ್ತವೆ. ಇನ್ನೊಂದು, ಮೊಬೈಲಿಗೆ ವೈ-ಫೈ ಬೇಕೆಂದು ಯಾರೋ ಮನೆಯಿಂದ ಹಳೇ ರೌಟರು ತಂದು ಲ್ಯಾನ್ ಕಿಂಡಿಗೆ ಸಿಕ್ಕಿಸುವುದು. ಆಗ ವಿಳಾಸ ಹಂಚುವವರು ಇಬ್ಬರಾಗುತ್ತಾರೆ. ಹಳಬನ ಬಳಿ ಚೀಟಿ ಪಡೆದ ಕಂಪ್ಯೂಟರಿಗೆ ಸರ್ವರ್ ಇದೆ, ಹೊಸಬನ ಬಳಿ ಪಡೆದದ್ದಕ್ಕೆ ಇಲ್ಲ. ಒಂದೇ ಕೋಣೆಯಲ್ಲಿ ಒಂದನೇ ಕೌಂಟರಿಗೆ ಇರುವ ಸರ್ವರ್ ಎರಡನೇ ಕೌಂಟರಿಗೆ ಇಲ್ಲದಿದ್ದರೂ ಯಾರಿಗೂ ಆಶ್ಚರ್ಯವಾಗುವುದಿಲ್ಲ, ‘ಅವರದು ಫಾಸ್ಟ್ ಇದೆ’ ಅಷ್ಟೆ. ಮನೆ ರೌಟರಿನ, ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿದರೆ, ಅಥವಾ ಅದನ್ನು ಮನೆಗೇ ಕಳಿಸಿದರೆ, ಇಬ್ಬರಿಗೂ ಸರ್ವರ್ ಬರುತ್ತದೆ.

ರೌಟರೂ ಸರಿ, ವೈರೂ ಸರಿ, ಆದರೂ ಜಾಲತಾಣ ತೆರೆಯದು ಎಂದಾಗ ಪರದೆಯ ಬಲಮೂಲೆಯಲ್ಲಿ ತಾರೀಕು ನೋಡಿ. ಮದರ್‌ಬೋರ್ಡಿನ ಸಿಆರ್ 2032 ಎಂಬ ಬಿಲ್ಲೆ ಬ್ಯಾಟರಿ ಮುಗಿದಿದ್ದರೆ ಪ್ರತಿ ಬೆಳಿಗ್ಗೆ ಕಂಪ್ಯೂಟರು ಹತ್ತಾರು ವರ್ಷ ಹಿಂದಕ್ಕೆ ಹೋಗಿ ಏಳುತ್ತದೆ. ಜಾಲತಾಣದ ಭದ್ರತಾ ಪತ್ರ ಇನ್ನೂ ಹುಟ್ಟೇ ಇಲ್ಲ ಎಂದುಕೊಂಡು ಬ್ರೌಸರ್ ಬಾಗಿಲು ಹಾಕುತ್ತದೆ. ಬ್ಯಾಟರಿ ಬೆಲೆ ಎರಡು ಮಸಾಲೆ ದೋಸೆಗಿಂತ ಕಡಿಮೆ.

ಓಎನ್‌ಟಿಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತಿದ್ದರೆ ರೌಟರಿನಲ್ಲೋ ಕಂಪ್ಯೂಟರಿನಲ್ಲೋ ಹುಡುಕುವುದು ವ್ಯರ್ಥ, ಬೆಳಕೇ ಬಂದು ಸೇರುತ್ತಿಲ್ಲ. ಸಾಮಾನ್ಯ ಓಎನ್‌ಟಿಗೆ ಮೈನಸ್ 8ರಿಂದ ಮೈನಸ್ 27 ಡಿಬಿಎಂ (ಬೆಳಕಿನ ಬಲದ ಅಳತೆ) ವರೆಗಿನ ಬೆಳಕು ಸಾಕು. ಅದರದೇ ಸೆಟ್ಟಿಂಗ್ ಪುಟದಲ್ಲಿ ಈ ಅಂಕಿ ಸಿಗುತ್ತದೆ. ಪ್ರತಿ ಮೂರು ಡಿಬಿ ಇಳಿದಾಗ ಬೆಳಕು ಅರ್ಧ. ಮೈನಸ್ 26ರಲ್ಲಿ ನಿಂತ ಲೈನು ಬಿಸಿಲಿಗೆ ನಡೆಯುತ್ತದೆ, ಜಾಯಿಂಟ್ ಡಬ್ಬಿಗೆ ಮಳೆನೀರು ಇಳಿದರೆ ನಿಲ್ಲುತ್ತದೆ. ಮಳೆ ಬಂದಾಗಲೆಲ್ಲ ಸರ್ವರ್ ಹೋಗುವ ಊರುಗಳ ರಹಸ್ಯವಿದು. ಕಚೇರಿಯೊಳಗೇ ಬೆಳಕು ಸೋರುವ ಜಾಗಗಳೂ ಇವೆ. ಪ್ಯಾಚ್ ಕಾರ್ಡ್ ಎಂಬ ಹಳದಿ ಫೈಬರ್ ತುಂಡನ್ನು ಬಳೆಯಷ್ಟು ಅಗಲಕ್ಕಿಂತ ಕಿರಿದಾಗಿ ಸುತ್ತಿ ದಾರ ಬಿಗಿದಿರುತ್ತಾರೆ, ಇಲ್ಲವೇ ಅದರ ಮೇಲೆ 2004ರ ಕಡತಗಳ ಕಟ್ಟು ಕೂತಿರುತ್ತದೆ. ಹಸಿರು ಕನೆಕ್ಟರಿನ ತುದಿ ಎಂಟು ಡಿಗ್ರಿ ಓರೆ, ನೀಲಿಯದಕ್ಕೆ ಓರೆಯಿಲ್ಲ. ಎರಡನ್ನೂ ಜೋಡಿಸಿದರೆ ನಡುವೆ ಸಂದಿ ಉಳಿದು ಬೆಳಕು ಅಲ್ಲೇ ಪೋಲಾಗುತ್ತದೆ. ತುದಿಯನ್ನು ಅಂಗಿಯ ಚುಂಗಿನಿಂದ ಒರೆಸಬಾರದು, ಬಾಯಿಂದ ಊದಬಾರದು. ನಾರು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒಂದೇ ದಿಕ್ಕಿಗೆ ಒರೆಸಬೇಕು. ಬೆಳಕು ಬರುತ್ತಿದೆಯೇ ಎಂದು ಕಣ್ಣಿಟ್ಟು ನೋಡಲಂತೂ ಕೂಡದು. ಅದು ಕಣ್ಣಿಗೆ ಕಾಣುವ ಬೆಳಕಲ್ಲ, ಆದರೂ ಕಣ್ಣಿಗೆ ಒಳ್ಳೆಯದಲ್ಲ.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು, ದೇಶದ ಎರಡೂವರೆ ಲಕ್ಷ ಪಂಚಾಯಿತಿಗಳನ್ನು ಮುಟ್ಟುವ ಗುರಿ. 2019ರಲ್ಲಿ ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್ ಬಂತು. ಎರಡೂ ಒಳ್ಳೆಯ ಯೋಜನೆಗಳೇ, ಎರಡೂ ರಸ್ತೆಯ ಒಂದೇ ಅಂಚನ್ನು ನಂಬಿಕೊಂಡಿವೆ. ನೀರಿನ ಜೆಸಿಬಿ ಬಂದಾಗ ಬೆಳಕಿನ ಎಳೆ ತುಂಡಾಗುತ್ತದೆ. ಇದನ್ನು ತಪ್ಪಿಸಲೆಂದೇ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಿಡುಗಡೆಯಾಯಿತು: ಅಗೆಯುವವರು ಮೊದಲೇ ತಿಳಿಸಬೇಕು, ನೆಲದಡಿ ಆಸ್ತಿಯುಳ್ಳವರಿಗೆ ಸೂಚನೆ ಹೋಗಬೇಕು. ಜೆಸಿಬಿ ಓಡಿಸುವವನ ಪದ್ಧತಿ ಇದಕ್ಕಿಂತ ಹಳೆಯದು ಮತ್ತು ಹೆಚ್ಚು ಖಚಿತ. ಬಕೆಟ್ಟು ಮೇಲೆ ಬಂದಾಗ ಅದರಲ್ಲಿ ಕಪ್ಪು ವೈರು ತೂಗುತ್ತಿದ್ದರೆ ಇಲ್ಲಿ ಕೇಬಲ್ ಇತ್ತು ಎಂದು ತಿಳಿಯುತ್ತಾನೆ.

ಬೆಂಗಳೂರಿನಲ್ಲಿ ಅಗೆಯುವ ತೊಂದರೆ ಕಡಿಮೆ, ಕೇಬಲ್ಲು ಮರದ ಮೇಲಿದೆ. ಬಿಬಿಎಂಪಿ ಹೋಗಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದು ಪಾಲಿಕೆ ಐದಾಯಿತು. ಹೊಂಗೆಮರದ ಕೊಂಬೆಗೆ ಸುತ್ತಿದ ಕೇಬಲಿನ ಸುರುಳಿ ಯಾವ ಪಾಲಿಕೆಯ ಪಾಲಿಗೆ ಬಂತೆಂದು ಆ ಸುರುಳಿಗೆ ಗೊತ್ತಿಲ್ಲ. ಪಾದಚಾರಿಗಳು ಮಾತ್ರ ಮೊದಲಿನ ಹಾಗೇ ತಲೆ ತಗ್ಗಿಸಿ ದಾಟುತ್ತಾರೆ.

ಇಷ್ಟೆಲ್ಲ ನೋಡಿ, ತೊಂದರೆ ಹೊರಗಿನದೇ ಎಂದು ಖಾತ್ರಿಯಾಗಿ, ದೂರು ಕೊಡಲು ಹೊರಟಿರೆನ್ನಿ. ಸಂಪರ್ಕ ಇರುವುದು ಮೂರು ವರ್ಷದ ಹಿಂದೆ ವರ್ಗವಾದ ಪಿಡಿಒ ಮೊಬೈಲ್ ನಂಬರಿನಲ್ಲಿ. ಓಟಿಪಿ ಅವರಿಗೆ ಹೋಗುತ್ತದೆ. ಅವರು ಈಗಿರುವ ಊರಲ್ಲಿ ಟವರ್ ಸಿಗುವುದು ಕೆರೆ ಏರಿಯ ಮೇಲೆ ಮಾತ್ರ. ಹೇಗೋ ದೂರು ದಾಖಲಾದರೆ ಸಂಜೆಯೊಳಗೆ ಅದೇ ನಂಬರಿಗೆ ‘ನಿಮ್ಮ ದೂರು ಪರಿಹಾರವಾಗಿದೆ, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ’ ಎಂಬ ಸಂದೇಶ ಬರುತ್ತದೆ. ವರ್ಗವಾಗಿ ಹೋದವರಿಗೆ ಈ ಊರಿನ ನೆಟ್ಟಿನ ಮೇಲೆ ಯಾವ ದೂರೂ ಉಳಿದಿಲ್ಲ, ಐದೂ ಕೊಟ್ಟುಬಿಡುತ್ತಾರೆ. ಕಾನೂನು ಇಲ್ಲವೆನ್ನಬೇಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದಂತೆ ಪ್ರತಿ ದೂರಿಗೂ ಅದರ ಗುರುತಾಗಿ ಡಾಕೆಟ್ ನಂಬರ್ ಕೊಡಲೇಬೇಕು. ಪರಿಹಾರ ಒಪ್ಪಿಗೆಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದು 39 ದಿನದಲ್ಲಿ ತೀರ್ಮಾನಿಸಬೇಕು. ನಲವತ್ತಲ್ಲ, ಮೂವತ್ತೊಂಬತ್ತು; ಬಾಟಾ ಚಪ್ಪಲಿಯ ಬೆಲೆಯ ಹಾಗೆ. ಬಿಡಿ ಗ್ರಾಹಕರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ. ಮತ್ತೆ ವೇಗದ ಬಗ್ಗೆ ತಕರಾರು ಎತ್ತುವ ಮುನ್ನ ನೆನಪಿರಲಿ, 2023ರಿಂದ ಈ ದೇಶದಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಬಹುದು.

ಸರ್ವರ್ ನಿಜಕ್ಕೂ ಮಲಗುವ ದಿನಗಳೂ ಇವೆ. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ನಕಲಿ ಕೋರಿಕೆಗಳ ಪ್ರವಾಹ ಹರಿಸುವ ಡಿಡಿಒಎಸ್ ದಾಳಿಯಾಗಿ ರಾಜ್ಯದಾದ್ಯಂತ ನೋಂದಣಿಗೆ ಪೆಟ್ಟು ಬಿತ್ತು. ಆಗ ಹಾಕಿದ ಫಲಕ ಅಕ್ಷರಶಃ ಸತ್ಯವಾಗಿತ್ತು. ಆದರೆ ಅಷ್ಟು ಹೊತ್ತಿಗೆ ಆ ಮಾತನ್ನು ನಂಬುವವರು ಯಾರೂ ಉಳಿದಿರಲಿಲ್ಲ. ತೋಳ ಬಂತು ತೋಳ ಕಥೆಯ ಹುಡುಗನ ಪಾಡು.

ಸದ್ಯಕ್ಕೆ ಬೀರುವಿನ ಮೇಲಿನ ಅಡಾಪ್ಟರು ಹೋಗಿದೆ ಎಂಬುದು ಗೊತ್ತಾಯಿತು ಎಂದಿಟ್ಟುಕೊಳ್ಳೋಣ. ಅಂಗಡಿಯಲ್ಲಿ ಮುನ್ನೂರು ರೂಪಾಯಿ. ಸರ್ಕಾರದ ದುಡ್ಡು, ಹಾಗೆಲ್ಲ ಹೋಗಿ ಕೊಳ್ಳುವಂತಿಲ್ಲ. ಟಿಪ್ಪಣಿ ಬರೆದು, ಸಭೆಯ ಮುಂದಿಟ್ಟು, ಮೂರು ಕೊಟೇಶನ್ ಕರೆದಾಯಿತು. ಎರಡು ಕೈಗೆ ಬಂದಿವೆ. ಮೂರನೆಯದನ್ನು ಅಂಗಡಿಯವರು ಇ-ಮೇಲ್ ಮಾಡಿದ್ದಾರಂತೆ. ಸರ್ವರ್ ಬಂದ ಮೇಲೆ ನೋಡಬೇಕು.